ವಿಶ್ವಕಪ್ ಬಂದಾಗ ನಮ್ಮ ಅಂಗಡಿ ಏನು ಮಾಡಬೇಕು? ಕಲಬುರಗಿ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸೂಪರ್ ಮಾರ್ಕೆಟ್, ಕಿರಾಣಾ ಬಜಾರ್, ಶಹಾಬಜಾರ್ ಕಡೆಯ ಅಂಗಡಿಗಳಿಗೆ ಪೋಸ್ಟರ್, ಕರಪತ್ರ, ವಾಟ್ಸಾಪ್ ಜಾಹೀರಾತು ಮಾಡಿಕೊಡುವುದು ನಮ್ಮ ಕೆಲಸ. ಕ್ರಿಕೆಟ್ಟೋ ಫುಟ್‌ಬಾಲೋ, ದೊಡ್ಡ ಟೂರ್ನಿ ಹತ್ತಿರ ಬಂತೆಂದರೆ ಫೋನ್ ಶುರು. ಬೀದರ್, ಯಾದಗಿರಿ, ಶಹಾಪುರದಿಂದಲೂ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇವೆ.

ಇಷ್ಟು ದೊಡ್ಡ ಟೂರ್ನಿಯಲ್ಲಿ ನಮ್ಮಂಥ ಸಣ್ಣ ಅಂಗಡಿಗೆ ಏನು ಸಿಗುತ್ತೆ?

ಟೂರ್ನಿಯಿಂದ ನೇರವಾಗಿ ಏನೂ ಸಿಗುವುದಿಲ್ಲ. ಸಿಗುವುದು ಪಂದ್ಯ ನೋಡುವ ಮನೆಯಿಂದ. ಮ್ಯಾಚ್ ಇರುವ ದಿನ ಜನ ಮನೆಯಲ್ಲಿರುತ್ತಾರೆ, ನಾಲ್ಕು ಜನ ಜಾಸ್ತಿ ಸೇರುತ್ತಾರೆ, ತಿನ್ನಲು ಏನಾದರೂ ಬೇಕಾಗುತ್ತೆ. ಟಿವಿಗೆ ಸೆಟ್ಟಪ್ ಬಾಕ್ಸ್ ರೀಚಾರ್ಜ್ ಬೇಕು, ಕರೆಂಟ್ ಹೋದರೆ ಇನ್ವರ್ಟರ್ ಬೇಕು. ನೀವು ಮಾರಬೇಕಾದದ್ದು ಆ ಸಂಜೆಯನ್ನು. ಯಾರು ಗೆಲ್ಲುತ್ತಾರೆ ಅನ್ನೋದನ್ನಲ್ಲ. ಕೆಳಗಿನ ಬಹಳಷ್ಟು ಉತ್ತರಗಳು ಈ ಒಂದು ಮಾತಿನ ಮೇಲೇ ನಿಂತಿವೆ.

ಯಾವ ಟೂರ್ನಿಗೆ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು?

ಮೊದಲು ತೊಗರಿ ನೋಡಿ, ಆಮೇಲೆ ಟೂರ್ನಿ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಜೂನ್-ಜುಲೈಯಲ್ಲಿ ನಮ್ಮ ಭಾಗದ ರೈತರ ದುಡ್ಡೆಲ್ಲ ಬೀಜ, ಗೊಬ್ಬರಕ್ಕೆ ಹೋಗಿರುತ್ತೆ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿಯಾಗಿ ಗಂಜ್ ಮಾರುಕಟ್ಟೆಗೆ ಬಂದ ಮೇಲೆ ಕೈಯಲ್ಲಿ ದುಡ್ಡು ಓಡಾಡುತ್ತೆ. ಅಂದರೆ ಫೆಬ್ರವರಿ-ಮಾರ್ಚ್‌ನಲ್ಲಿ ಬರುವ ಟೂರ್ನಿಗೆ ಟಿವಿ, ಫ್ರಿಜ್, ಮೊಬೈಲ್‌ನಂಥ ದೊಡ್ಡ ಮಾಲಿನ ಆಫರ್ ಹಾಕಬಹುದು. 2026ರ ಟಿ20 ವಿಶ್ವಕಪ್ ಫೆಬ್ರವರಿ 7ರಿಂದ ಮಾರ್ಚ್ 8ರವರೆಗೆ ಇಟ್ಟದ್ದು ಇಂಥ ಹೊತ್ತಿಗೇ. ರಂಜಾನ್ ಖರೀದಿ, ಹೋಳಿ, ಶರಣಬಸವೇಶ್ವರ ಜಾತ್ರೆಯ ಓಡಾಟ, ಎಲ್ಲವೂ ಅದರ ಆಸುಪಾಸಿನಲ್ಲೇ.

ಅದೇ 2026ರ ಫುಟ್‌ಬಾಲ್ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ. 48 ತಂಡ, 104 ಪಂದ್ಯ. ಆದರೆ ಆಡುವುದು ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ. ಫೈನಲ್ ಶುರುವಾಗುವ ಹೊತ್ತಿಗೆ ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ 12:30, ತಾರೀಖು ಜುಲೈ 20. ಆ ಹೊತ್ತಿಗೆ ಎದ್ದಿರುವವರು ಹಾಸ್ಟೆಲ್, ಪಿಜಿ ಹುಡುಗರು ಮಾತ್ರ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳ ಸುತ್ತ ಬೇಕರಿ, ಸ್ನ್ಯಾಕ್ಸ್ ಅಂಗಡಿ ಇದ್ದವರು ಇಂಥದ್ದಕ್ಕೆ ಕೈ ಹಾಕಲಿ. ರಾತ್ರಿ 9ರೊಳಗೆ ಪಾರ್ಸಲ್ ಮಾರಿ ಮುಗಿಸಬೇಕು. ಕಪಡಾ ಬಜಾರ್‌ನ ಸೀರೆ ಅಂಗಡಿಗೆ ಇದರಿಂದ ಏನೂ ಪ್ರಯೋಜನ ಇಲ್ಲ.

2027ರ ಪುರುಷರ ಏಕದಿನ ವಿಶ್ವಕಪ್ ಅಕ್ಟೋಬರ್-ನವೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾದಲ್ಲಿ. ಅಲ್ಲಿ ಮಧ್ಯಾಹ್ನ 2 ಗಂಟೆ ಅಂದರೆ ಇಲ್ಲಿ ಸಂಜೆ 5:30. ಅಂಗಡಿಗೆ ಜನ ಬರುವ ಹೊತ್ತೂ ಅದೇ, ಟಿವಿ ಮುಂದೆ ಕೂರುವ ಹೊತ್ತೂ ಅದೇ. ಹಗಲು-ರಾತ್ರಿ ಪಂದ್ಯದ ದಿನ ಸಂಜೆ ಗಿರಾಕಿಗೆ ಕಾಯುತ್ತಾ ಕೂತರೆ ನೊಣ ಹೊಡೆಯಬೇಕಾಗುತ್ತೆ. ವ್ಯಾಪಾರವನ್ನು ಬೆಳಿಗ್ಗೆಗೆ ಎಳೆದುಕೊಳ್ಳಿ: '4 ಗಂಟೆಯೊಳಗೆ ಬಂದವರಿಗೆ' ಅನ್ನುವ ಆಫರ್ ಇಡಿ.

'ವಿಶ್ವಕಪ್ ಧಮಾಕಾ' ಅಂತ ಬೋರ್ಡ್ ಹಾಕಬಹುದಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಜನ ಅತಿ ಕಡಿಮೆ ತಲೆ ಕೆಡಿಸಿಕೊಳ್ಳುವ ವಿಷಯವೂ ಇದೇ.

ಟೂರ್ನಿಯ ಲೋಗೊ, ಟ್ರೋಫಿ ಚಿತ್ರ, ಗೊಂಬೆ (ಮ್ಯಾಸ್ಕಾಟ್), ಅಧಿಕೃತ ಹೆಸರು, ಇವೆಲ್ಲ ಕ್ರಿಕೆಟ್‌ನ ಐಸಿಸಿ, ಫುಟ್‌ಬಾಲ್‌ನ ಫಿಫಾದಂಥ ಸಂಸ್ಥೆಗಳ ಆಸ್ತಿ. ಪ್ರಾಯೋಜಕರು ಕೋಟಿಗಟ್ಟಲೆ ಕೊಟ್ಟು ಅವನ್ನು ಬಳಸುವ ಹಕ್ಕು ಪಡೆಯುತ್ತಾರೆ. ಒಲಿಂಪಿಕ್ಸ್‌ನ ಐದು ಉಂಗುರಕ್ಕಂತೂ 1981ರ ನೈರೋಬಿ ಒಪ್ಪಂದದ ರಕ್ಷಣೆಯೇ ಇದೆ, ಭಾರತವೂ ಅದರಲ್ಲಿ ಸೇರಿದೆ. ಗೂಗಲ್‌ನಲ್ಲಿ ಸಿಕ್ಕ ಲೋಗೊ ಎತ್ತಿ ಪೋಸ್ಟರ್‌ಗೆ ಹಾಕಿಕೊಡಿ ಅಂದರೆ ನಾವು ಒಪ್ಪುವುದಿಲ್ಲ. ಬೇಜಾರಾಗಬೇಡಿ.

ಲೋಗೊ ಇಲ್ಲದೆ ಬರೀ ಮಾತಿನಲ್ಲಿ ಹೇಳಿದರೆ? ಇದಕ್ಕೆ ನಮ್ಮ ದೇಶದ್ದೇ ಎರಡು ಹಳೆಯ ಕಥೆಗಳಿವೆ. 1996ರ ಕ್ರಿಕೆಟ್ ವಿಶ್ವಕಪ್‌ಗೆ ಅಧಿಕೃತ ತಂಪು ಪಾನೀಯ ಕೋಕಾ-ಕೋಲಾ. ಆದರೆ ಜನರ ಬಾಯಲ್ಲಿ ಉಳಿದದ್ದು ಪೆಪ್ಸಿಯ ಜಾಹೀರಾತು. 'ನಮ್ಮಲ್ಲಿ ಅಧಿಕೃತ ಅನ್ನೋದು ಏನೂ ಇಲ್ಲ' ಅಂತ ಕಾಲೆಳೆಯುವುದೇ ಅದರ ತಿರುಳು. ಕಪ್ಪಿನ ಹೆಸರೂ ಎತ್ತಲಿಲ್ಲ, ಲೋಗೊನೂ ಮುಟ್ಟಲಿಲ್ಲ. ಎರಡನೆಯದು 2003ರದು. 'ದೀಪಾವಳಿ ಆಚರಿಸಿ, ವರ್ಲ್ಡ್ ಕಪ್‌ಗೆ ಹೋಗಿ' ಅನ್ನುವ ಅರ್ಥದ ಹಿಂದಿ ಜಾಹೀರಾತನ್ನು ಫಿಲಿಪ್ಸ್ ಹಾಕಿತ್ತು. ಐಸಿಸಿ ಕಡೆಯವರು ದೆಹಲಿ ಹೈಕೋರ್ಟ್‌ಗೆ ಹೋದರು. ಲೋಗೊ ಬಳಸಿರಲಿಲ್ಲ, ತಾವು ಅಧಿಕೃತ ಪ್ರಾಯೋಜಕರು ಅಂತ ಹೇಳಿಕೊಂಡಿರಲಿಲ್ಲ. ಕೋರ್ಟು ಜಾಹೀರಾತಿಗೆ ತಡೆ ಕೊಡಲಿಲ್ಲ.

ಹಾಗಂತ ಈ ತೀರ್ಪು ಹಿಡಿದುಕೊಂಡು ಧೈರ್ಯ ಮಾಡಬೇಡಿ. ದೊಡ್ಡ ಕಂಪನಿಗೆ ವಕೀಲರ ದಂಡೇ ಇರುತ್ತೆ, ನಿಮಗೆ ಒಂದು ನೋಟಿಸ್ ಬಂದರೆ ನಿದ್ದೆ ಹೋಗುತ್ತೆ. 'ಮ್ಯಾಚ್ ದಿನದ ಆಫರ್', 'ಕ್ರಿಕೆಟ್ ಹಬ್ಬ', 'ನೀಲಿ ವಾರ' ಅಂತ ಬರೆದರೂ ಗಿರಾಕಿಗೆ ಅರ್ಥವಾಗುತ್ತೆ. ಬ್ಯಾಟು, ಚೆಂಡು, ಸ್ಟಂಪು ಯಾರಪ್ಪನ ಆಸ್ತಿಯೂ ಅಲ್ಲ, ಅವನ್ನು ಧಾರಾಳವಾಗಿ ಬಳಸಿ.

ಸರಿಯಾದ ದಾರಿಯಲ್ಲಿ ಹೋದವರೂ ಇದ್ದಾರೆ. 2024ರ ಟಿ20 ವಿಶ್ವಕಪ್‌ನಲ್ಲಿ ನಮ್ಮ ನಂದಿನಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕತ್ವ ಕೊಟ್ಟಿತು. ಭಾರತ ತಂಡಕ್ಕಿಂತ ಸಣ್ಣ ತಂಡ ಹಿಡಿದರೂ ಸುದ್ದಿ ಮಾತ್ರ ದೊಡ್ಡದಾಯಿತು. ಸ್ಕಾಟ್ಲೆಂಡ್ ಆಟಗಾರರ ಅಂಗಿ ಮೇಲೆ ಕನ್ನಡ ಅಕ್ಷರ ಕಂಡು ನಮ್ಮವರು ಫೋಟೊ ಹಂಚಿದ್ದೇ ಹಂಚಿದ್ದು. ನಿಮ್ಮ ಗಲ್ಲಿಯ ಟೆನಿಸ್ ಬಾಲ್ ತಂಡಕ್ಕೆ ಅಂಗಿ ಹೊಲಿಸಿಕೊಟ್ಟರೂ ಲೆಕ್ಕ ಅದೇ.

ಆಟಗಾರರ ಫೋಟೊ ಹಾಕಿ ಅಭಿನಂದನೆ ಹೇಳಿದರೆ ತಪ್ಪೇನು?

ಪಕ್ಕದಲ್ಲಿ ನಿಮ್ಮ ಅಂಗಡಿ ಹೆಸರು ಇದ್ದರೆ ಅದು ಜಾಹೀರಾತು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಿ.ವಿ. ಸಿಂಧು ಕಂಚು ಗೆದ್ದಾಗ, ಅನುಮತಿ ಇಲ್ಲದೆ ಅವರ ಫೋಟೊ ಹಾಕಿ ಶುಭಾಶಯ ಹೇಳಿದ ಹಲವು ಬ್ರಾಂಡ್‌ಗಳ ವಿರುದ್ಧ ಅವರ ಏಜೆನ್ಸಿ ಕಾನೂನಿನ ದಾರಿ ಹಿಡಿಯಿತು. ಸುಮ್ನೆ ಯಾಕೆ? ಫೋಟೊ ಬಿಟ್ಟು 'ಶಾಬಾಸ್ ನಮ್ಮ ಹುಡುಗಿ' ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ತ್ರಿವರ್ಣ ಧ್ವಜ?

ಬೇಡ. ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜವನ್ನು ಯಾವ ರೂಪದಲ್ಲೂ ಜಾಹೀರಾತಿಗೆ ಬಳಸುವಂತಿಲ್ಲ, ಅದರ ಮೇಲೆ ಅಕ್ಷರ ಬರೆಯುವಂತಿಲ್ಲ. ಕ್ಯಾರಿಬ್ಯಾಗ್ ಮೇಲೆ, ಟಿಶ್ಯೂ ಪೇಪರ್ ಮೇಲೆ, ಕೇಕ್ ಡಬ್ಬಿ ಮೇಲೆ ಧ್ವಜ ಅಚ್ಚು ಹಾಕಿಸುವ ಆಸೆ ಬಿಡಿ. ನೀಲಿ ಬಣ್ಣ ಸಾಕು.

'ಭಾರತ ಗೆದ್ದರೆ ದುಡ್ಡು ವಾಪಸ್' ಅಂತ ಹಾಕೋಣವಾ? ಜನ ಮುಗಿಬೀಳುತ್ತಾರೆ.

ಮುಗಿಬೀಳುತ್ತಾರೆ. ಆಮೇಲೆ ಭಾರತ ಗೆಲ್ಲುತ್ತೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಒಂದು ಆಫರ್ ಇಟ್ಟಿತ್ತು. ಗಿರಾಕಿಗೆ ಒಂದು ಉಜ್ಜುವ ಚೀಟಿ, ಅದರಲ್ಲಿ ಒಂದು ಕ್ರೀಡೆಯ ಹೆಸರು. ಅಮೆರಿಕ ಅದರಲ್ಲಿ ಚಿನ್ನ ಗೆದ್ದರೆ ಬಿಗ್ ಮ್ಯಾಕ್ ಪುಕ್ಕಟೆ, ಬೆಳ್ಳಿಗೆ ಆಲೂ ಫ್ರೈಸ್, ಕಂಚಿಗೆ ಕೋಕ್. 1976ರಲ್ಲಿ ಅಮೆರಿಕಕ್ಕೆ ಬಂದದ್ದು 94 ಪದಕ, ಅದರಲ್ಲಿ 34 ಚಿನ್ನ. ಸುಮಾರು ಅಷ್ಟೇ ಬರುತ್ತೆ ಅಂದುಕೊಂಡಿದ್ದರು. ಅಷ್ಟರಲ್ಲಿ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ ಎಲ್ಲ ಬಹಿಷ್ಕಾರ ಹಾಕಿ ಮನೆಯಲ್ಲೇ ಕೂತವು. ಅಮೆರಿಕ 174 ಪದಕ ಬಾಚಿತು, 83 ಚಿನ್ನ. ಕೆಲವು ಅಂಗಡಿಗಳಲ್ಲಿ ಬಿಗ್ ಮ್ಯಾಕ್ ಖಾಲಿಯಾಗಿಬಿಟ್ಟವು. 2018ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಚೀನಾದ ವಾಟ್ಟಿ ಅನ್ನುವ ಒಲೆ-ಚಿಮಣಿ ಕಂಪನಿ 'ಫ್ರಾನ್ಸ್ ಕಪ್ ಗೆದ್ದರೆ ಪೂರ್ತಿ ದುಡ್ಡು ವಾಪಸ್' ಅಂದಿತು. ಫ್ರಾನ್ಸ್ ಗೆದ್ದಿತು.

ಅವರು ದೊಡ್ಡವರು, ತಡೆದುಕೊಂಡರು. ನಮ್ಮ ಲೆಕ್ಕ ನೋಡೋಣ. ಒಂದು ಮಿಕ್ಸರ್ 3,000 ರೂಪಾಯಿ, ನಿಮಗೆ ಉಳಿಯುವುದು 450 ಅಂತಿಟ್ಟುಕೊಳ್ಳಿ. ಆಫರ್‌ನಿಂದ 40 ಮಿಕ್ಸರ್ ಹೋದವು. ಲಾಭ 18,000. ಭಾರತ ಗೆದ್ದರೆ ವಾಪಸ್ ಕೊಡಬೇಕಾದದ್ದು 1,20,000. ನಮ್ಮ ಹುಡುಗರು ಗೆದ್ದ ರಾತ್ರಿ ಊರೆಲ್ಲ ಪಟಾಕಿ ಹೊಡೆಯುವಾಗ ಗಲ್ಲಾ ಮುಂದೆ ತಲೆ ಮೇಲೆ ಕೈ ಹೊತ್ತು ಕೂರುವವರು ನೀವೊಬ್ಬರೇ.

ಹೀಗೆ ಮಾಡಿ: ಮ್ಯಾಚ್ ದಿನ ಮೊದಲ 100 ಬಿಲ್‌ಗೆ 50 ರೂಪಾಯಿ ಕೂಪನ್, ಮುಂದಿನ ಖರೀದಿಗೆ ಮಾತ್ರ, 15 ದಿನದೊಳಗೆ. ಎಲ್ಲರೂ ವಾಪಸ್ ಬಂದರೂ ನಿಮ್ಮ ಖರ್ಚು 5,000 ದಾಟುವುದಿಲ್ಲ. ಎಲ್ಲರೂ ವಾಪಸ್ ಬಂದರೆ ಅದಕ್ಕಿಂತ ಒಳ್ಳೆಯದು ಏನಿದೆ? ಸೋತರೂ ಗೆದ್ದರೂ ಈ ಆಫರ್ ನಿಲ್ಲುತ್ತೆ. ಷರತ್ತನ್ನು ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿ ಅಡಗಿಸಬೇಡಿ. ಜನರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೂ ದಂಡ ಹಾಕಬಹುದು.

ಸ್ಕೋರ್ ಹೇಳಿ ಬಹುಮಾನ ಗೆಲ್ಲಿ? ಲಕ್ಕಿ ಡ್ರಾ?

ಎಲ್ಲರೂ ಮಾಡುತ್ತಾರೆ ಅನ್ನೋದು ನಿಜ. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಮಾರಾಟ ಹೆಚ್ಚಿಸಲು ನಡೆಸುವ ಲಾಟರಿ, ಅದೃಷ್ಟದಾಟ, ಸ್ಪರ್ಧೆಗಳನ್ನು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿ ಸೇರಿಸಿದೆ. ಬಹುಮಾನ ಇಟ್ಟು ಫಲಿತಾಂಶ ಹೇಳದಿರುವುದೂ ಅದರಲ್ಲೇ ಬರುತ್ತೆ. ಪ್ರವೇಶಕ್ಕೆ ದುಡ್ಡು ತೆಗೆದುಕೊಂಡರಂತೂ ಜೂಜಿನ ವಾಸನೆ ಬರುತ್ತೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ದುಡ್ಡು ಕಟ್ಟಿ ಆಡುವ ಆ್ಯಪ್‌ಗಳ ಜಾಹೀರಾತಿಗೂ ನಿಷೇಧ ಇದೆ. ಯಾರಾದರೂ ಬಂದು 'ನಿಮ್ಮ ಗೋಡೆ ಮೇಲೆ ನಮ್ಮ ಆ್ಯಪ್ ಪೋಸ್ಟರ್ ಹಚ್ಚುತ್ತೇವೆ, ಬಾಡಿಗೆ ಕೊಡುತ್ತೇವೆ' ಅಂದರೆ ಕೈ ಮುಗಿದು ಕಳಿಸಿ.

ಅದರ ಬದಲು ಅಂಗಡಿ ಮುಂದೆ ಒಂದು ಸ್ಟಂಪ್ ನಿಲ್ಲಿಸಿ, ಟೆನಿಸ್ ಬಾಲ್ ಕೊಡಿ. ಮಕ್ಕಳು ಎಸೆಯಲಿ. ತಾಗಿದರೂ ಚಾಕಲೇಟ್, ತಾಗದಿದ್ದರೂ ಚಾಕಲೇಟ್. ಬಿಲ್ ಕೇಳಬೇಡಿ. ಮಗು ಆಡುವಷ್ಟು ಹೊತ್ತು ಅಪ್ಪ-ಅಮ್ಮ ಸುಮ್ನೆ ನಿಂತಿರುತ್ತಾರಾ? ಒಳಗೆ ಬರುತ್ತಾರೆ.

ದೊಡ್ಡ ಪರದೆ ಹಾಕಿ ಮ್ಯಾಚ್ ತೋರಿಸಿದರೆ?

ಇದು ಸ್ವಲ್ಪ ತಲೆನೋವಿನ ಕೆಲಸ. ಮನೆಯ ಕನೆಕ್ಷನ್ ಮನೆಗೆ ಮಾತ್ರ. ವ್ಯಾಪಾರದ ಜಾಗದಲ್ಲಿ ಜನ ಸೇರಿಸಿ ತೋರಿಸಲು ಪ್ರಸಾರಕರ ಒಪ್ಪಿಗೆ ಬೇರೆ ಬೇಕು. ರಸ್ತೆಯಲ್ಲಿ ಜನ ನಿಂತರೆ ಪೊಲೀಸರನ್ನೂ ಕೇಳಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. 2024ರ ಟಿ20 ವಿಶ್ವಕಪ್‌ನಲ್ಲಿ ಭಾರತದ ಪಂದ್ಯಗಳು ರಾತ್ರಿ 8ಕ್ಕೆ ಶುರುವಾಗುತ್ತಿದ್ದವು, ಅಂದರೆ ಕೊನೆಯ ಓವರ್‌ಗಳು ಮೂಕಿ ಚಿತ್ರ. ಇನ್ನೊಂದು ವಿಷಯ: ಅಂಗಡಿ ಮುಂದೆ ಇನ್ನೂರು ಜನ ನಿಂತು ಮ್ಯಾಚ್ ನೋಡುತ್ತಿದ್ದರೆ ಕೊಳ್ಳಲು ಬಂದ ಹೆಣ್ಣುಮಕ್ಕಳು ದಾರಿ ಇಲ್ಲದೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಕರಿ ಹಲಗೆ, ಸುಣ್ಣದ ಬಳಪ ತಗೊಳ್ಳಿ. ಐದೈದು ಓವರ್‌ಗೆ ಸ್ಕೋರ್ ಬರೆದು ಬಾಗಿಲ ಬಳಿ ಇಡಿ. ಕೆಳಗೆ ಒಂದು ಸಾಲಿನಲ್ಲಿ ಇವತ್ತಿನ ಆಫರ್. ಎಲ್ಲರ ಕೈಯಲ್ಲೂ ಮೊಬೈಲ್ ಇದ್ದರೂ ಜನ ನಿಂತು ಓದಿಯೇ ಓದುತ್ತಾರೆ.

ಬೇರೆಯವರು ಮಾಡದ್ದು ಏನಾದರೂ ಹೇಳಿ.

ಮ್ಯಾಚ್ ಪೊಟ್ಟಣ. ಇದು ನಮಗೆ ಬಹಳ ಇಷ್ಟದ್ದು. ಮಾಡಿದ ಕಿರಾಣಿ ಅಂಗಡಿಯವರೂ ಖುಷಿಯಾಗಿದ್ದಾರೆ. ಚಿಪ್ಸ್, ಕೂಲ್‌ಡ್ರಿಂಕ್ಸ್ ಕಾಂಬೊ ಅಂತ ಎಲ್ಲ ಕಡೆ ಸಿಗುತ್ತೆ, ಅದರಲ್ಲಿ ನಿಮಗೆ ಉಳಿಯುವುದೂ ಕಡಿಮೆ. ನೀವು ಸುಸಲಾ (ಒಗ್ಗರಣೆ ಹಾಕಿದ ಚುರುಮುರಿ) ಪೊಟ್ಟಣ ಮಾಡಿ. ಒಂದು ಕಾಗದದ ಚೀಲದಲ್ಲಿ ನಾಲ್ಕು ಜನಕ್ಕೆ ಆಗುವಷ್ಟು ಚುರುಮುರಿ. ಒಳಗೆ ಪುಟಾಣಿ ಹಿಟ್ಟಿನ ಸಣ್ಣ ಪುಡಿಕೆ, ಹಿಡಿ ಶೇಂಗಾ, ಸಾಸಿವೆ-ಜೀರಿಗೆ-ಅರಿಶಿನ ಸೇರಿಸಿ ಕಟ್ಟಿದ ಒಗ್ಗರಣೆ ಪುಡಿಕೆ. ಮೇಲೆ ಎರಡು ಉಳ್ಳಾಗಡ್ಡಿ, ನಾಲ್ಕು ಹಸಿಮೆಣಸಿನಕಾಯಿ, ಒಂದು ನಿಂಬೆಹಣ್ಣು. ಚೀಲದ ಹೊರಗೆ ಮುದ್ರೆ: 'ಇನಿಂಗ್ಸ್ ಬ್ರೇಕ್‌ನಲ್ಲಿ ರೆಡಿ'. ಚುರುಮುರಿ ತೋಯಿಸಿ ಒಗ್ಗರಣೆ ಕೊಡಲು ಬ್ರೇಕ್‌ನಷ್ಟು ಹೊತ್ತು ಸಾಕಲ್ವಾ? ಪಕ್ಕದ ಮಿರ್ಚಿ ಬಂಡಿಯವರ ಜೊತೆ ಮಾತಾಡಿಕೊಳ್ಳಿ: ನಿಮ್ಮ ಪೊಟ್ಟಣ ತೋರಿಸಿದವರಿಗೆ ಅವರು ಒಂದು ಮಿರ್ಚಿ ಜಾಸ್ತಿ ಹಾಕಲಿ, ಅದರ ದುಡ್ಡು ನೀವು ಕೊಡಿ.

ಬೇರೆ ಅಂಗಡಿಗಳಿಗೆ ಬೇರೆ ದಾರಿ. ಟಿವಿ ಮಾರುವವರು ಟೂರ್ನಿಗೆ ಒಂದು ವಾರ ಮೊದಲು ಹಳೆಯ ಗಿರಾಕಿಗಳ ಮನೆಗೆ ಹುಡುಗನನ್ನು ಕಳಿಸಿ ಪುಕ್ಕಟೆಯಾಗಿ ಡಿಶ್, ವೈರ್, ರಿಮೋಟ್ ನೋಡಿಸಲಿ. ಹೊಸ ಟಿವಿ ಬೇಕಾದವರು ಯಾರು ಅಂತ ಅಲ್ಲೇ ಗೊತ್ತಾಗುತ್ತೆ. ಚಪ್ಪಲಿ ಅಂಗಡಿಯವರು ಹರಿದ ಕ್ರಿಕೆಟ್ ಶೂ ತಂದವರಿಗೆ ಹೊಸದರಲ್ಲಿ ಸ್ವಲ್ಪ ಕಡಿಮೆ ಮಾಡಲಿ. ಔಷಧಿ ಅಂಗಡಿಗೆ ನಮ್ಮ ಸಲಹೆ: ಸುಮ್ಮನಿರಿ.

ಬೀದರ್‌ನಲ್ಲಿ ಬಿದರಿ ಸಾಮಾನಿನ ಅಂಗಡಿ ಇದೆ. ನಮಗೂ ಏನಾದರೂ ಆಗುತ್ತಾ?

ಆಗುತ್ತೆ, ಆದರೆ ತಿಂಗಳುಗಟ್ಟಲೆ ಮೊದಲು ಶುರು ಮಾಡಬೇಕು. ಗಿರಾಕಿಗೆ ಗೊತ್ತಿರಲ್ಲ, ನಿಮಗೆ ಗೊತ್ತೇ ಇದೆ: ಸತು-ತಾಮ್ರದ ಎರಕ, ಅದರ ಮೇಲೆ ಚಿತ್ತಾರ ಕೊರೆತ, ಬೆಳ್ಳಿ ತಂತಿ ಕೂರಿಸೋದು, ಕೊನೆಗೆ ಕೋಟೆ ಮಣ್ಣು ಮತ್ತು ನವಸಾಗರದಲ್ಲಿ ಕುದಿಸಿ ಕಪ್ಪು ಮಾಡೋದು. ಒಂದನ್ನೂ ಅವಸರ ಮಾಡಲಾಗಲ್ಲ. ವಿಶ್ವಕಪ್ ಟ್ರೋಫಿಯ ನಕಲು ಮಾತ್ರ ಮಾಡಬೇಡಿ. ಸಣ್ಣ ಬ್ಯಾಟಿನ ಕೀಚೈನು, ಚೆಂಡಿನ ಪೇಪರ್‌ವೇಟು ಮಾಡಿ. ಇನ್ನೂ ಒಳ್ಳೆಯ ಮಾರುಕಟ್ಟೆ ಅಂದರೆ ಟೂರ್ನಿ ಹವಾದಲ್ಲಿ ನಡೆಯುವ ಊರಿನ ಕಾಲೇಜು, ಕಚೇರಿ ಪಂದ್ಯಾವಳಿಗಳು. ಪ್ಲಾಸ್ಟಿಕ್ ಕಪ್ ಬದಲು ಬಿದರಿ ಫಲಕ ಕೊಡಿ ಅಂತ ಸಂಘಟಕರನ್ನು ಈಗಲೇ ಹೋಗಿ ಕೇಳಿ. ಬಿದರಿಗೆ 2006ರಿಂದ ಜಿಐ (ಭೌಗೋಳಿಕ ಸೂಚಿ) ಗುರುತು ಇದೆ, ಆ ಚೀಟಿಯನ್ನು ಡಬ್ಬಿಯೊಳಗೆ ಇಡಿ.

ಇಂಡಿಯಾ ಜರ್ಸಿ ತರಿಸಿ ಮಾರಬಹುದಾ?

ಹೈದರಾಬಾದಿನಿಂದ ಮೂಟೆಗಟ್ಟಲೆ ಬರುವ ನಕಲಿ ಜರ್ಸಿಗಳ ಬಗ್ಗೆ ಕೇಳುತ್ತಿದ್ದರೆ, ಬೇಡ. ಅಡಿಡಾಸ್ ಗುರುತು, ಮಂಡಳಿಯ ಚಿಹ್ನೆ ಇರುವ ನಕಲು ಮಾರುವುದು ಟ್ರೇಡ್‌ಮಾರ್ಕ್ ಉಲ್ಲಂಘನೆ. ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯನ್ನು 2022ರಲ್ಲಿ ಗೆದ್ದ ಗುಲ್ಬರ್ಗಾ ಮಿಸ್ಟಿಕ್ಸ್ ನಮ್ಮ ಊರಿನ ಹೆಸರಿನ ತಂಡವೇ ಆದರೂ ಅದರ ಲೋಗೊಗೂ ಇದೇ ಮಾತು. ಸಾದಾ ನೀಲಿ ಟೀ-ಶರ್ಟ್ ತನ್ನಿ, ಬೆನ್ನ ಮೇಲೆ ಮಗುವಿನ ಹೆಸರು, ಬೇಕಾದ ನಂಬರು ಅಲ್ಲೇ ಪ್ರಿಂಟ್ ಹಾಕಿಕೊಡಿ. ಕನ್ನಡದಲ್ಲಿ ಹೆಸರು ಹಾಕುತ್ತೇವೆ ಅಂತ ಹೇಳಿ ನೋಡಿ, ಹೆಚ್ಚು ಕೇಳುತ್ತಾರೆ.

ಮಹಿಳಾ ಕ್ರಿಕೆಟ್‌ಗೆ ಇಲ್ಲಿ ಯಾರು ನೋಡುತ್ತಾರೆ?

2025ರ ನವೆಂಬರ್ 2ರ ರಾತ್ರಿ ಈ ಪ್ರಶ್ನೆ ಹಳತಾಯಿತು. ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ನಮ್ಮ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಎತ್ತಿದರು. ಮಾರನೇ ದಿನ ಸಿದ್ಧವಾಗಿದ್ದ ಅಂಗಡಿಗಳು ಬೆರಳೆಣಿಕೆ. ಬಟ್ಟೆ, ಬಳೆ, ಸ್ಟೇಷನರಿ, ಸೈಕಲ್ ಅಂಗಡಿಯವರು ಇದನ್ನು ಗಂಭೀರವಾಗಿ ತಗೋಬೇಕು. ಪುರುಷರ ಟೂರ್ನಿಗೆ ಎಲ್ಲರೂ ಕಿರುಚುತ್ತಾರೆ, ನಿಮ್ಮ ದನಿ ಕೇಳಲ್ಲ. ಇಲ್ಲಿ ಜಾಗ ಖಾಲಿ ಇದೆ. ಹುಡುಗಿಯರ ಅಳತೆಯ ಗ್ಲೌಸ್, ಪ್ಯಾಡ್ ಇಟ್ಟ ಕ್ರೀಡಾ ಸಾಮಗ್ರಿ ಅಂಗಡಿ ನಿಮ್ಮ ಊರಲ್ಲಿ ಎಷ್ಟಿವೆ ಅಂತ ಒಮ್ಮೆ ಸುತ್ತಿ ನೋಡಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರದೂ ಮಹಿಳೆಯರದೂ ಟಿ20 ಕ್ರಿಕೆಟ್ ಇರುತ್ತೆ, ಒಲಿಂಪಿಕ್ಸ್‌ಗೆ ಕ್ರಿಕೆಟ್ ಮರಳುತ್ತಿರುವುದು 1900ರ ನಂತರ ಇದೇ ಮೊದಲು.

ಬ್ಯಾನರ್, ವಾಟ್ಸಾಪ್ ಬಗ್ಗೆ?

ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಬಟ್ಟೆ ಬ್ಯಾನರ್ ಮಾಡಿಸಿ. ರಸ್ತೆಯಲ್ಲಿ ಕಟ್ಟುವುದಾದರೆ ಪಾಲಿಕೆ ಅಥವಾ ನಗರಸಭೆ ಅನುಮತಿ ಬೇಕು. ನಾಮಫಲಕದಲ್ಲಿ ಶೇ 60 ಕನ್ನಡ ಇರಲೇಬೇಕು. ವಾಟ್ಸಾಪ್‌ನಲ್ಲಿ ಬರಹಕ್ಕಿಂತ ಧ್ವನಿ ಸಂದೇಶ ಹೆಚ್ಚು ಕೆಲಸ ಮಾಡುತ್ತೆ. ಮಾಲಕರ ದನಿಯಲ್ಲೇ ಇರಲಿ: 'ಅಕ್ಕಾರೆ, ಇವತ್ತು ಮ್ಯಾಚ್ ಐತಿ, ಸುಸಲಾ ಪೊಟ್ಟಣ ತೆಗೆದಿಡಲೇನ್ರಿ?' ಅಂತ. ದರ್ಗಾ ಕಡೆಯ ಗಿರಾಕಿಗಳಿಗೆ ಅದನ್ನೇ ದಖನಿ ಉರ್ದುವಿನಲ್ಲಿ ಹೇಳಿ. ಬೀದರ್‌ನವರು ಮರಾಠಿಯಲ್ಲೂ ಒಂದು ಮಾಡಿಟ್ಟುಕೊಳ್ಳಿ. ದಿನಕ್ಕೆ ಒಂದಕ್ಕಿಂತ ಹೆಚ್ಚು ಕಳಿಸಿದರೆ ಬ್ಲಾಕ್ ಆಗುತ್ತೀರಿ.

ಭಾರತ ಸೋತರೆ?

2023ರ ಏಕದಿನ ವಿಶ್ವಕಪ್‌ನಲ್ಲಿ ಸತತ ಹತ್ತು ಪಂದ್ಯ ಗೆದ್ದು ಬಂದ ತಂಡ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಆಸ್ಟ್ರೇಲಿಯಾಗೆ ಸೋತಿತು. ಮಾರನೇ ದಿನ 'ವಿಜಯೋತ್ಸವ ಸೇಲ್' ಪೋಸ್ಟರ್‌ಗಳ ಕಟ್ಟು ಎಷ್ಟೋ ಅಂಗಡಿಗಳಲ್ಲಿ ಬಿಚ್ಚದೇ ಉಳಿಯಿತು. ಅದಕ್ಕೇ ಯಾವಾಗಲೂ ಎರಡು ಪೋಸ್ಟರ್ ವಿನ್ಯಾಸ ಸಿದ್ಧವಿರಲಿ, ಮುದ್ರಣ ಮಾತ್ರ ಫಲಿತಾಂಶ ಬಂದ ಮೇಲೆ. ಸೋತ ದಿನದ ಪೋಸ್ಟರ್‌ನಲ್ಲಿ ಜೋಕ್ ಬೇಡ, ಆಟಗಾರರನ್ನು ಬೈಯುವುದಂತೂ ಬೇಡವೇ ಬೇಡ. 'ಬೇಜಾರಾಗಿದೆಯಾ? ಚಹಾ ನಮ್ಮ ಕಡೆಯಿಂದ' ಅಂತ ಒಂದು ಸಾಲು ಸಾಕು. ಒಂದು ಥರ್ಮಾಸ್ ಚಹಾದ ಖರ್ಚು ಎಷ್ಟಾದೀತು!

ಟೂರ್ನಿ ಹವಾದಲ್ಲಿ ಉದ್ರಿ ಕೊಡಬಹುದಾ?

ತೊಗರಿ ಮಾರಿದ ದುಡ್ಡು ಬರುವ ಮುಂಚೆ, ದೊಡ್ಡ ಮಾಲಿಗೆ ಕೊಡಬೇಡಿ.

ಟೂರ್ನಿ ಮುಗಿದ ಮೇಲೆ ಉಳಿದ ಮಾಲು?

ತರಿಸುವಾಗಲೇ ಯೋಚಿಸಿ. ಮಗ್ಗು, ಟೊಪ್ಪಿ, ಟೀ-ಶರ್ಟ್ ಯಾವುದರ ಮೇಲೂ ವರ್ಷ ಅಚ್ಚು ಹಾಕಿಸಬೇಡಿ, ಫೈನಲ್ ಮುಗಿದ ಮರುದಿನವೇ ಅದು ಹಳೆ ಮಾಲು. ವರ್ಷವಿಲ್ಲದ ನೀಲಿ ಅಂಗಿ ಮುಂದಿನ ಟೂರ್ನಿಗೂ ಹೋಗುತ್ತೆ. ಆದರೂ ಉಳಿದರೆ ಜಿಲ್ಲಾ ಮೈದಾನದಲ್ಲಿ ಟೆನಿಸ್ ಬಾಲ್ ಪಂದ್ಯ ನಡೆಸುವ ಹುಡುಗರಿಗೆ ಖರೀದಿ ದರಕ್ಕೇ ಕೊಟ್ಟುಬಿಡಿ. ಅಂಗಿ ತೋಳಿನ ಮೇಲೆ ಅಂಗಡಿ ಹೆಸರು, ಫೋನ್ ನಂಬರು ಹಾಕಿಸುವ ಷರತ್ತು ಮೊದಲೇ ಹೇಳಿ. ಪ್ರಿಂಟ್ ಖರ್ಚು ನಿಮ್ಮದು.